ಶುಶ್ರೂಷಕಿಯ ಸೇವೆಯನ್ನು ಗುರುತಿಸುವುದು ಹೇಗೆ?

ಪ್ರಶ್ನೆ: ಶಸ್ತ್ರಚಿಕಿತ್ಸೆಯ ನಂತರ ನಮ್ಮ ತಂದೆಯವರನ್ನು ರಾತ್ರಿ ಪಾಳಿಯ ಶುಶ್ರೂಷಕಿಯೊಬ್ಬರು ಬಹಳ ಅಕ್ಕರೆಯಿಂದ ನೋಡಿಕೊಂಡರು. ಹಣ ಕೊಡಲು ಹೋದರೆ ನಿರಾಕರಿಸಿದರು. ಅವರಿಗೆ ಕೃತಜ್ಞತೆಯನ್ನು ಹೇಗೆ ಸಲ್ಲಿಸಬೇಕು?

ಉತ್ತರ: ಅವರು ನಿರಾಕರಿಸಿದ್ದು ಸರಿಯೇ, ರೋಗಿಗಳಿಂದ ಹಣ ಪಡೆಯುವುದನ್ನು ಅನೇಕ ಆಸ್ಪತ್ರೆಗಳು ನಿಷೇಧಿಸಿವೆ. ಅದರ ಬದಲು ಶುಶ್ರೂಷಾ ವಿಭಾಗದ ಮುಖ್ಯಸ್ಥರಿಗೆ ಪತ್ರ ಬರೆದು, ಅದರ ಪ್ರತಿಯನ್ನು ಆ ಶುಶ್ರೂಷಕಿಗೂ ಕೊಡಿ. ‘ತುಂಬ ಒಳ್ಳೆಯವರು’ ಎಂದಷ್ಟೇ ಬರೆದರೆ ಸಾಲದು. ನೋವು ಹೆಚ್ಚಾದುದನ್ನು ತಂದೆಯವರು ಹೇಳುವ ಮೊದಲೇ ಗಮನಿಸಿ ವೈದ್ಯರನ್ನು ಕರೆಸಿದರೇ, ಮೈ ಒರೆಸುವಾಗ ಅವರಿಗೆ ಸಂಕೋಚವಾಗದಂತೆ ಪರದೆ ಎಳೆದರೇ, ಪ್ರತಿಯೊಂದು ಔಷಧವನ್ನೂ ಏಕೆ ಕೊಡುತ್ತಿದ್ದೇವೆಂದು ವಿವರಿಸಿದರೇ ಎಂಬುದನ್ನು ದಿನಾಂಕ, ವಾರ್ಡು, ಪಾಳಿಯ ಸಮೇತ ದಾಖಲಿಸಿ. ಕರುಣೆಯನ್ನಷ್ಟೇ ಹೊಗಳಿ ವೃತ್ತಿಕೌಶಲವನ್ನು ಮರೆಯುವುದು ಶುಶ್ರೂಷಕಿಯರಿಗೆ ನಾವೆಲ್ಲ ಮಾಡುತ್ತ ಬಂದಿರುವ ಅನ್ಯಾಯ.

ಅಮೆರಿಕದಲ್ಲಿ 33ನೆಯ ವಯಸ್ಸಿನಲ್ಲಿ ತೀರಿಕೊಂಡ ಪ್ಯಾಟ್ರಿಕ್ ಬಾರ್ನ್ಸ್ ಅವರ ಕುಟುಂಬವು, ಅವರ ಆರೈಕೆ ಮಾಡಿದ ಶುಶ್ರೂಷಕರ ಮೇಲಿನ ಕೃತಜ್ಞತೆಯಿಂದ 1999ರಲ್ಲಿ ಸ್ಥಾಪಿಸಿದ ಸಂಸ್ಥೆಯು ಶುಶ್ರೂಷಕರಿಗೆ ‘ಡೈಸಿ’ ಪ್ರಶಸ್ತಿಯನ್ನು ನೀಡುತ್ತದೆ. ಇದಕ್ಕೆ ರೋಗಿಗಳೂ ಬಂಧುಗಳೂ ಹೆಸರು ಸೂಚಿಸಬಹುದು. ನಿಮ್ಮ ತಂದೆಯವರಿದ್ದ ಆಸ್ಪತ್ರೆಯು ಇದರಲ್ಲಿ ಪಾಲ್ಗೊಂಡಿದೆಯೇ ಎಂದು ವಿಚಾರಿಸಿ. ಪತ್ರಕ್ಕಾಗಿ ಮೇ 12ರ ಅಂತರರಾಷ್ಟ್ರೀಯ ಶುಶ್ರೂಷಕರ ದಿನದವರೆಗೆ ಕಾಯದೆ, ವಿವರಗಳು ಮಾಸುವ ಮುನ್ನವೇ ಬರೆಯಿರಿ.