ಊರಲ್ಲೊಂದು ಓಟು, ಮುಂಬೈಯಲ್ಲೊಂದು ಓಟು ಇಟ್ಟುಕೊಳ್ಳಬಹುದಾ?

ಮಹಾರಾಷ್ಟ್ರದ ಪಾಲಿಕೆ ಚುನಾವಣೆ ಮುಗಿದ ಮೇಲೆ ಓಟಿನ ಬಗ್ಗೆಯೇ ಜಾಸ್ತಿ ಪತ್ರಗಳು ಬಂದಿವೆ. ಮೊದಲೇ ಬಂದಿದ್ದರೆ ಇನ್ನೂ ಚೆನ್ನಾಗಿತ್ತು, ಇರಲಿ. ಒಂದೇ ತರದ ಪ್ರಶ್ನೆಗಳನ್ನು ಒಟ್ಟು ಸೇರಿಸಿದ್ದೇನೆ.

ಪ್ರಶ್ನೆ: ಮಲಾಡ್ ಬಿಟ್ಟು ಭಾಂಡುಪ್‌ಗೆ ಬಂದಿದ್ದೇವೆ. ಅಕ್ಟೋಬರ್‌ನಲ್ಲಿ ವಿಳಾಸ ಬದಲಿಸಲು ಅರ್ಜಿ ಹಾಕಿದೆ, ಹೊಸ ಕಾರ್ಡೂ ಬಂತು. ಆದರೆ ಜನವರಿ 15ರಂದು ಭಾಂಡುಪ್‌ನ ಬೂತಿನಲ್ಲಿ ನಿಮ್ಮ ಹೆಸರಿಲ್ಲ ಎಂದು ವಾಪಸ್ ಕಳಿಸಿದರು. ಕಾರ್ಡ್ ಇದ್ದೂ ಓಟಿಲ್ಲ ಅಂದರೆ ಹೇಗೆ?

ನಿಮ್ಮ ಹೆಸರು ಇತ್ತು. ಮಲಾಡ್‌ನಲ್ಲಿ ಇತ್ತು. ಅಲ್ಲಿಗೆ ಹೋಗಿದ್ದರೆ ಓಟು ಹಾಕಬಹುದಿತ್ತು.

ಲೋಕಸಭೆ, ವಿಧಾನಸಭೆ ಚುನಾವಣೆ ನಡೆಸುವುದು ದೆಹಲಿಯ ಚುನಾವಣಾ ಆಯೋಗ. ಪಾಲಿಕೆ, ಪಂಚಾಯಿತಿ ನಡೆಸುವುದು ರಾಜ್ಯ ಚುನಾವಣಾ ಆಯೋಗ. ಇವೆರಡೂ ಬೇರೆ ಬೇರೆ. ಆದರೆ ಮಹಾರಾಷ್ಟ್ರದ ರಾಜ್ಯ ಆಯೋಗ ಮನೆ ಮನೆಗೆ ಹೋಗಿ ತನ್ನದೇ ಪಟ್ಟಿ ಮಾಡುವುದಿಲ್ಲ. ವಿಧಾನಸಭೆಯ ಪಟ್ಟಿ ಇಂಥ ದಿನ ಹೇಗಿತ್ತೋ ಹಾಗೇ ತೆಗೆದುಕೊಂಡು ಅದನ್ನು ವಾರ್ಡ್‌ಗಳಿಗೆ ಹಂಚುತ್ತದೆ, ಅಷ್ಟೇ. ಈ ಸಲ ಆ ದಿನ 2025ರ ಜುಲೈ 1. ಚುನಾವಣೆ ಘೋಷಣೆಯಾದದ್ದು ಡಿಸೆಂಬರ್ 15ಕ್ಕೆ, ಓಟು ನಡೆದದ್ದು 2026ರ ಜನವರಿ 15ಕ್ಕೆ. ಅಂದರೆ ಗೋಡೆ ಮೇಲೆ ಪೋಸ್ಟರ್ ಬೀಳುವ ಎಷ್ಟೋ ತಿಂಗಳ ಮೊದಲೇ ಪಟ್ಟಿಯ ಬಾಗಿಲು ಹಾಕಿ ಆಗಿತ್ತು. ನೀವು ಅಕ್ಟೋಬರ್‌ನಲ್ಲಿ ಮಾಡಿದ ಬದಲಾವಣೆ ವಿಧಾನಸಭೆಯ ಪಟ್ಟಿಗೆ ಸೇರಿತು, ಪಾಲಿಕೆಯ ಪಟ್ಟಿಗೆ ಸೇರಲಿಲ್ಲ. ಜುಲೈ 1ರ ನಂತರ ಹದಿನೆಂಟು ತುಂಬಿದ ಮಕ್ಕಳಿಗೂ ಇದೇ ಗತಿ ಆಯಿತು. ನನಗೆ ಇದು ಸರಿ ಕಾಣುವುದಿಲ್ಲ, ಕಡೇ ಪಕ್ಷ ಈ ದಿನಾಂಕದ ಬಗ್ಗೆ ಜೋರಾಗಿ ಪ್ರಚಾರ ಮಾಡಬೇಕಿತ್ತು. ಆದರೆ ಸದ್ಯಕ್ಕೆ ಪದ್ಧತಿ ಇದೇ.

ವಾರ್ಡ್ ಪಟ್ಟಿಯ ಕರಡು ಬಂದಾಗ ಆಕ್ಷೇಪಕ್ಕೆ ಕೆಲವು ದಿನ ಕೊಡುತ್ತಾರೆ. ಆಗ ನಿಮ್ಮ ಹೆಸರು ಪಕ್ಕದ ವಾರ್ಡ್‌ಗೆ ಹಾರಿದ್ದರೆ ಸರಿಪಡಿಸಬಹುದು. ಹೊಸ ಹೆಸರು ಮಾತ್ರ ಆಗ ಸೇರುವುದಿಲ್ಲ.

ಇನ್ನೊಂದು ವಿಷಯ. ಕಾರ್ಡ್ ಇರುವುದು ನೀವು ಯಾರು ಎಂದು ತೋರಿಸಲು ಮಾತ್ರ, ಅದರ ಬದಲು ಆಧಾರ್, ಪಾನ್, ಪಾಸ್‌ಪೋರ್ಟ್, ಡ್ರೈವಿಂಗ್ ಲೈಸೆನ್ಸ್ ಯಾವುದಾದರೂ ನಡೆಯುತ್ತದೆ. ಓಟು ಇರುವುದು ಪಟ್ಟಿಯಲ್ಲಿ. ಪಟ್ಟಿ ನೋಡುವಾಗ ಹೆಸರು ಹಾಕಿ ಹುಡುಕಬೇಡಿ, ಕಾರ್ಡ್ ನಂಬರ್ ಹಾಕಿ. ಇಲ್ಲಿ ಪಟ್ಟಿ ಮರಾಠಿಯಲ್ಲಿ ಇರುತ್ತದೆ. ನಮ್ಮ ಇನಿಷಿಯಲ್ಲು, ಊರ ಹೆಸರು, ಅಪ್ಪನ ಹೆಸರು ಎಲ್ಲ ಸೇರಿ ಅಲ್ಲಿ ಏನೇನೋ ಆಗಿರುತ್ತದೆ. ಹೆಗ್ಡೆ ಹೆಗಡೆಯಾಗಿ, ಅಡ್ಡಹೆಸರು ಮುಂದಕ್ಕೆ ಬಂದು, ನಮ್ಮ ಹೆಸರು ನಮಗೇ ಸಿಗುವುದಿಲ್ಲ.

ಪ್ರಶ್ನೆ: ಮೂವತ್ತು ವರ್ಷದಿಂದ ಘಾಟ್‌ಕೋಪರ್‌ನಲ್ಲಿ ಇದ್ದೇನೆ. ಓಟು ಮಾತ್ರ ಉಡುಪಿ ಕಡೆ ಊರಿನಲ್ಲಿದೆ. ಅಲ್ಲಿ ತೆಗೆಸಿದರೆ ಜಾಗಕ್ಕೆ ತೊಂದರೆ ಆಗುತ್ತದೆ ಎಂದು ಅಣ್ಣ ಹೇಳುತ್ತಾನೆ. ಎರಡೂ ಕಡೆ ಇಟ್ಟುಕೊಂಡರೆ ಯಾರಿಗೆ ಗೊತ್ತಾಗುತ್ತದೆ?

ಇಂಥದ್ದೇ ಪ್ರಶ್ನೆ ಡೊಂಬಿವಲಿಯಿಂದ, ಥಾಣೆಯಿಂದ, ಪುಣೆಯಿಂದಲೂ ಬಂದಿದೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಜಾಗದ ಮಾತು. ಓಟಿಗೂ ಪಹಣಿಗೂ ಏನೂ ಸಂಬಂಧವಿಲ್ಲ. ನಿಮ್ಮ ಪಾಲು ಇರುವುದು ಪಹಣಿಯಲ್ಲಿ, ಕ್ರಯಪತ್ರದಲ್ಲಿ, ಪಾಲುಪಟ್ಟಿಯಲ್ಲಿ. ಮತದಾರರ ಪಟ್ಟಿಯಿಂದ ಹೆಸರು ಹೋದರೆ ಜಮೀನು ಹೋಗುವುದಿಲ್ಲ, ಹೆಸರು ಇದ್ದ ಮಾತ್ರಕ್ಕೆ ಉಳಿಯುವುದೂ ಇಲ್ಲ. ಅಣ್ಣನಿಗೆ ಊರಿನ ಪಂಚಾಯಿತಿ ಚುನಾವಣೆಯಲ್ಲಿ ಒಂದು ಓಟು ಕಡಿಮೆ ಆಗುತ್ತದೆ ಎಂಬ ಚಿಂತೆ ಇರಬಹುದು, ಅದು ಬೇರೆ ವಿಷಯ. ಕರ್ನಾಟಕದಲ್ಲೂ ಗ್ರಾಮ ಪಂಚಾಯಿತಿಗೆ ಇದುವರೆಗೆ ವಿಧಾನಸಭೆಯ ಪಟ್ಟಿಯೇ ಆಧಾರ, ಹಾಗಾಗಿ ಅಲ್ಲಿಂದ ಹೆಸರು ತೆಗೆಸಿದರೆ ಪಂಚಾಯಿತಿ ಓಟೂ ಹೋಗುತ್ತದೆ. ಅದನ್ನು ಒಪ್ಪಿಕೊಂಡೇ ಹೆಜ್ಜೆ ಇಡಬೇಕು.

ಎರಡೂ ಕಡೆ ಇಟ್ಟುಕೊಳ್ಳುವುದು ಆಗುವುದಿಲ್ಲ. 1950ರ ಜನಪ್ರಾತಿನಿಧ್ಯ ಕಾಯ್ದೆಯ 17 ಮತ್ತು 18ನೇ ಸೆಕ್ಷನ್ ಪ್ರಕಾರ ಒಬ್ಬರಿಗೆ ಒಂದೇ ಕಡೆ, ಒಂದೇ ಸಲ ಹೆಸರು. ಅರ್ಜಿಯಲ್ಲಿ ಬೇರೆಲ್ಲೂ ಹೆಸರಿಲ್ಲ ಎಂದು ಸುಳ್ಳು ಬರೆದು ಸಹಿ ಹಾಕಿದರೆ 31ನೇ ಸೆಕ್ಷನ್ ಇದೆ, ಒಂದು ವರ್ಷದವರೆಗೆ ಜೈಲು ಅಥವಾ ದಂಡ ಅಥವಾ ಎರಡೂ. ಯಾರಿಗೆ ಗೊತ್ತಾಗುತ್ತದೆ ಎಂದು ಕೇಳಿದ್ದೀರಿ. ಈ ಸಲ ಮುಂಬೈಯ ಪಟ್ಟಿಯಲ್ಲಿ ಎರಡೆರಡು ಸಲ ಕಂಡ ಹೆಸರುಗಳ ಮುಂದೆ ಎರಡು ನಕ್ಷತ್ರದ ಗುರುತು ಹಾಕಿದ್ದರು, ಅಂಥವರನ್ನು ಬೂತಿನಲ್ಲಿ ವಿಚಾರಿಸಿ, ಬರೆಸಿಕೊಂಡು ಆಮೇಲೆ ಬಿಡುವ ಏರ್ಪಾಡಿತ್ತು. ಅದು ಇಲ್ಲಿನ ಪಟ್ಟಿಗಳ ಒಳಗಿನ ಹುಡುಕಾಟ, ನಿಜ. ಆದರೆ ಗೊತ್ತಾಗುವುದಿಲ್ಲ ಎಂಬ ಧೈರ್ಯದ ಮೇಲೆ ಸಹಿ ಹಾಕುವುದು ಬೇಡ.

ಹಾಗಾದರೆ ಎಲ್ಲಿ ಇಡಬೇಕು? ಕಾಯ್ದೆ ಕೇಳುವುದು ನೀವು ಸಾಮಾನ್ಯವಾಗಿ ಎಲ್ಲಿ ವಾಸ ಮಾಡುತ್ತೀರಿ ಎಂದು. ಊರಲ್ಲಿ ಮನೆ ಇದೆ ಎಂದ ಮಾತ್ರಕ್ಕೆ ಅಲ್ಲಿನ ವಾಸಿ ಆಗುವುದಿಲ್ಲ ಎಂದೂ ಅದರಲ್ಲೇ ಬರೆದಿದೆ. ಮೂವತ್ತು ವರ್ಷ ಘಾಟ್‌ಕೋಪರ್‌ನಲ್ಲಿ ಇದ್ದವರು ಘಾಟ್‌ಕೋಪರ್‌ನವರೇ ಅಲ್ವಾ? ನಲ್ಲಿ ನೀರು, ಗಟಾರ, ಮಳೆಗಾಲದಲ್ಲಿ ಮೊಣಕಾಲುದ್ದ ನಿಲ್ಲುವ ನೀರು, ಕಸದ ಗಾಡಿ, ಎಲ್ಲ ಇಲ್ಲಿನ ಪಾಲಿಕೆಯದು. ನಮ್ಮ ಮಕ್ಕಳು ಕಲಿತ ಕನ್ನಡ ಮಾಧ್ಯಮದ ಪಾಲಿಕೆ ಶಾಲೆಗಳೂ ಅದರದ್ದೇ. ಕನ್ನಡ ಶಾಲೆಗಳಲ್ಲಿ ಮಕ್ಕಳು ಕಡಿಮೆಯಾದರು ಎಂದು ಸಂಘದ ವೇದಿಕೆಯಲ್ಲಿ ಭಾಷಣ ಮಾಡುವವರ ಓಟೇ ಇಲ್ಲಿ ಇಲ್ಲದಿದ್ದರೆ ನಗರಸೇವಕರು (ಪಾಲಿಕೆ ಸದಸ್ಯರು) ಯಾಕೆ ಕಿವಿ ಕೊಡುತ್ತಾರೆ? ರಜೆ ಹಾಕಿ, ಮತ್ಸ್ಯಗಂಧ ರೈಲು ಹತ್ತಿ ಓಟು ಹಾಕಲು ಹೋಗುವವರ ಪ್ರೀತಿ ದೊಡ್ಡದು. ನನ್ನ ಅಭಿಪ್ರಾಯ ಕೇಳಿದರೆ, ಇಲ್ಲಿಗೆ ತನ್ನಿ.

ಮಾಡುವುದು ಸುಲಭ. ಹೊಸದಾಗಿ ಸೇರುವ ನಮೂನೆ 6 ತುಂಬಬೇಡಿ, ಎರಡು ಹೆಸರಾಗುವುದೇ ಅಲ್ಲಿ. ನಮೂನೆ 8 ತುಂಬಿ, ವಾಸ ಬದಲಾವಣೆ ಎಂದು ಗುರುತು ಹಾಕಿ. ಬೇರೆ ರಾಜ್ಯದಿಂದ ಬಂದರೂ ಇದೇ ನಮೂನೆ. ಕಾರ್ಡ್ ನಂಬರ್ ಹಳೆಯದೇ ಉಳಿಯುತ್ತದೆ. ಆಯೋಗದ ವೆಬ್‌ಸೈಟ್, ಮೊಬೈಲ್ ಆಪ್, ನಿಮ್ಮ ಪ್ರದೇಶದ ಬೂತ್ ಮಟ್ಟದ ಅಧಿಕಾರಿ (ಬಿಎಲ್‌ಒ), ಎಲ್ಲಿ ಬೇಕಾದರೂ ಕೊಡಬಹುದು. ಅನುಮಾನ ಬಂದರೆ ಸಹಾಯವಾಣಿ 1950ಕ್ಕೆ ಫೋನ್ ಮಾಡಿ. ಮದುವೆಯಾಗಿ ಹುಬ್ಬಳ್ಳಿಯಿಂದ ಪುಣೆಗೆ ಬಂದ ಸಹೋದರಿ ಅಡ್ಡಹೆಸರನ್ನೂ ಬದಲಿಸಬೇಕು ಎಂದಿದ್ದಾರೆ. ಒಂದು ಅರ್ಜಿಯಲ್ಲಿ ಒಂದೇ ಕೆಲಸಕ್ಕೆ ಗುರುತು ಹಾಕಬೇಕು. ಮೊದಲು ವಾಸ, ಆಮೇಲೆ ಇನ್ನೊಂದು ನಮೂನೆ 8ರಲ್ಲಿ ಹೆಸರು.

ಪ್ರಶ್ನೆ: ನಮ್ಮ ಹೋಟೆಲಿನ ಹುಡುಗರು ಮೇಲಿನ ಅಟ್ಟದಲ್ಲೇ ಮಲಗುತ್ತಾರೆ. ಬಾಡಿಗೆ ಪತ್ರ ಇಲ್ಲ, ಲೈಟ್ ಬಿಲ್ ಇಲ್ಲ. ಇವರಿಗೆ ಓಟು ಸಿಗುತ್ತದಾ? (ಅಂಧೇರಿ)

ಸಿಗುತ್ತದೆ. ಆಧಾರ್‌ನಲ್ಲಿ ಇಲ್ಲಿನ ವಿಳಾಸ ಇದ್ದರೆ, ಇಲ್ಲವೇ ಬ್ಯಾಂಕ್ ಅಥವಾ ಪೋಸ್ಟ್ ಆಫೀಸ್ ಪಾಸ್‌ಬುಕ್ಕಿನಲ್ಲಿ ಇದ್ದರೆ ಅದೇ ಸಾಕು. ಏನೂ ಇಲ್ಲದಿದ್ದರೆ ಬಿಎಲ್‌ಒ ಬಂದು ನೋಡಿ ಖಚಿತ ಮಾಡಿಕೊಳ್ಳಬೇಕು. ಬೀದಿ ಬದಿ ಮಲಗುವವರಿಗೂ ಹೆಸರು ಸೇರಿಸಲು ಅವಕಾಶ ಇದೆ, ರಾತ್ರಿ ಹೊತ್ತು ಬಂದು ನಿಜವಾಗಿ ಅಲ್ಲೇ ಮಲಗುತ್ತಾರಾ ಎಂದು ನೋಡಬೇಕು ಎನ್ನುತ್ತದೆ ನಿಯಮ. ಹಾಸ್ಟೆಲಿನಲ್ಲಿ ಇರುವ ವಿದ್ಯಾರ್ಥಿಗಳು ಕಾಲೇಜಿನ ಮುಖ್ಯಸ್ಥರಿಂದ ಪತ್ರ ತಂದರೆ ಹಾಸ್ಟೆಲ್ ವಿಳಾಸದಲ್ಲೇ ಸೇರಬಹುದು. ಊರಲ್ಲಿ ಹೆಸರು ಇರುವ ಹುಡುಗರಿಗೆ ಮತ್ತೆ ಅದೇ ಮಾತು, ನಮೂನೆ 8. ಇನ್ನು ಸೇಟು ಮನಸ್ಸು ಮಾಡಬೇಕು. ಓಟಿನ ದಿನ ಎರಡು ಗಂಟೆ ಬಿಡದವರೂ ಇದ್ದಾರೆ, ಅವರು ಈ ಪತ್ರಿಕೆಯನ್ನೂ ಓದುತ್ತಾರೆ ಎಂದು ನನಗೆ ಗೊತ್ತು.

ಪ್ರಶ್ನೆ: ಪುಣೆಯಲ್ಲಿ ನಾಲ್ಕು ಸಲ ಬಟನ್ ಒತ್ತಿಸಿದರು, ಮುಂಬೈಯ ತಮ್ಮ ಒಂದೇ ಸಲ ಒತ್ತಿದ್ದಂತೆ. ಒಬ್ಬರಿಗೆ ಒಂದೇ ಓಟಲ್ವಾ?

ಇಬ್ಬರೂ ಸರಿ. ಮುಂಬೈಯಲ್ಲಿ 227 ವಾರ್ಡ್, ಪ್ರತಿ ವಾರ್ಡಿಗೆ ಒಬ್ಬರು. ಪುಣೆಯಲ್ಲಿ 41 ಪ್ರಭಾಗ (ಹಲವು ಸೀಟು ಇರುವ ವಾರ್ಡ್), 165 ಸೀಟು. ಹೆಚ್ಚಿನ ಪ್ರಭಾಗಗಳಲ್ಲಿ ನಾಲ್ಕು ಸೀಟು, ಒಂದರಲ್ಲಿ ಐದು. ಅ, ಬ, ಕ, ಡ ಎಂದು ಸೀಟುಗಳಿಗೆ ಗುರುತು, ಮತಪತ್ರದ ಬಣ್ಣವೂ ಬೇರೆ ಬೇರೆ. ಒಂದೊಂದು ಸೀಟಿಗೂ ಒಂದೊಂದು ಓಟು. ಒಂದು ಪಕ್ಷಕ್ಕೇ ನಾಲ್ಕೂ ಹಾಕಬೇಕೆಂದಿಲ್ಲ, ಯಾರೂ ಇಷ್ಟವಾಗದ ಸೀಟಿಗೆ ನೋಟಾ ಒತ್ತಬಹುದು. ಎಲ್ಲ ಮುಗಿದ ಮೇಲೆಯೇ ಪೀಂ ಸದ್ದು. ಆ ಸದ್ದು ಬರುವ ಮೊದಲೇ ಹೊರಗೆ ಬರಬೇಡಿ. ವಿಧಾನಸಭೆ ಚುನಾವಣೆಯಲ್ಲಿ ಯಾರಿಗೆ ಓಟು ಬಿತ್ತು ಎಂದು ಚೀಟಿ ತೋರಿಸುವ ಯಂತ್ರ (ವಿವಿಪ್ಯಾಟ್) ಪಾಲಿಕೆ ಚುನಾವಣೆಯಲ್ಲಿ ಇರಲೇ ಇಲ್ಲ, ಕೆಟ್ಟು ಹೋಗಿದ್ದಲ್ಲ. ನಾಲ್ವರು ನಗರಸೇವಕರು ಇದ್ದರೆ ಗುಂಡಿ ಮುಚ್ಚುವ ಜವಾಬ್ದಾರಿ ಯಾರದೂ ಅಲ್ಲ ಎಂದು ಆಗುತ್ತದೆ ಎಂಬ ನಿಮ್ಮ ಸಿಟ್ಟು ನನಗೂ ಇದೆ.

ಪ್ರಶ್ನೆ: ಗೋವಾದ ಝುವಾರಿನಗರದಲ್ಲಿ ಇದ್ದೇವೆ. ಪಂಚಾಯಿತಿ ಓಟಿಗೆ ಪಕ್ಷದ ಚಿಹ್ನೆ ಯಾಕೆ ಇರುವುದಿಲ್ಲ?

ಅಲ್ಲಿ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆ ಮೇಲೆ ನಡೆಯುವುದಿಲ್ಲ. ಕಳೆದ ಸಲ, 2022ರ ಆಗಸ್ಟ್ 10ರಂದು, ಯಂತ್ರ ಕೂಡ ಇರಲಿಲ್ಲ. ಕಾಗದದ ಮತಪತ್ರ, ಸೀಲು ಒತ್ತಿ ಮಡಚಿ ಪೆಟ್ಟಿಗೆಗೆ ಹಾಕುವುದು. ಸೀಲು ಎರಡು ಹೆಸರಿಗೆ ತಾಗಿದರೆ ಓಟು ಕೆಡುತ್ತದೆ, ಒಣಗಿದ ಮೇಲೆ ಮಡಚಿ. ಅದಕ್ಕಿಂತ ಮುಖ್ಯ ಏನೆಂದರೆ ಗೋವಾದಲ್ಲಿ 2025ರ ನವೆಂಬರ್‌ನಿಂದ ಪಟ್ಟಿಯ ವಿಶೇಷ ಪರಿಷ್ಕರಣೆ ನಡೆದಿದೆ. ಗದಗ, ಬಾಗಲಕೋಟೆ ಕಡೆಯಿಂದ ಬಂದು ಆಗಾಗ ಖೋಲಿ ಬದಲಿಸುವವರು ಹೆಸರು ಉಳಿದಿದೆಯಾ ಎಂದು ಈಗಲೇ ನೋಡಿಕೊಳ್ಳಿ. ಹೋಗಿದ್ದರೆ ನಮೂನೆ 6.

ಪ್ರಶ್ನೆ: ಅಮ್ಮನಿಗೆ 87. ಲೋಕಸಭೆಗೆ ಮನೆಗೇ ಬಂದು ಓಟು ತೆಗೆದುಕೊಂಡರು, ಪಾಲಿಕೆಗೆ ಯಾರೂ ಬರಲಿಲ್ಲ. (ಮಾಟುಂಗಾ)

ಮನೆಯಿಂದ ಓಟು ಹಾಕುವುದು 85 ದಾಟಿದವರಿಗೆ ಮತ್ತು ಹೆಚ್ಚಿನ ಅಂಗವೈಕಲ್ಯ ಇರುವವರಿಗೆ ಲೋಕಸಭೆ, ವಿಧಾನಸಭೆ ಚುನಾವಣೆಯ ನಿಯಮದಲ್ಲಿ ಬಂದ ಸೌಲಭ್ಯ. ಪಾಲಿಕೆಗೆ ಅದು ತಾನಾಗಿ ಅನ್ವಯಿಸುವುದಿಲ್ಲ. ಮುಂದಿನ ಸಲ ಬೆಳಿಗ್ಗೆ ಬೇಗ ಕರೆದುಕೊಂಡು ಹೋಗಿ, ಹಿರಿಯರು ಸಾಲಿನಲ್ಲಿ ಕಾಯಬೇಕಿಲ್ಲ, ವೀಲ್‌ಚೇರ್ ಕೇಳಿ. ಕಣ್ಣು ಕಾಣದಿದ್ದರೆ ಜೊತೆಗೆ ನೀವೇ ಒಳಗೆ ಹೋಗಲು ಮತಗಟ್ಟೆ ಅಧಿಕಾರಿಯನ್ನು ಕೇಳಬಹುದು. ಬಟನ್ ಮಾತ್ರ ಅಮ್ಮ ಹೇಳಿದ್ದನ್ನೇ ಒತ್ತಿ.