ತೈಲ ಕಂಪನಿಯ ಕೆಲಸವೋ, ಡಿಜಿಎಚ್ ಕೆಲಸವೋ?

ಒಂದು ಕಡೆ ಖಾಸಗಿ ತೈಲ ಕಂಪನಿಯ ಅನ್ವೇಷಣಾ ವಿಭಾಗದ ಆಫರ್, ಇನ್ನೊಂದು ಕಡೆ ದೆಹಲಿ ಹತ್ತಿರ ನೋಯ್ಡಾದಲ್ಲಿ ಡಿಜಿಎಚ್‌ನ, ಅಂದರೆ ಕೇಂದ್ರ ಸರ್ಕಾರದ ಹೈಡ್ರೋಕಾರ್ಬನ್ ಮಹಾನಿರ್ದೇಶನಾಲಯದ, ಕರಾರು ಕೆಲಸ. ಯಾವುದಕ್ಕೆ ಸೇರಲಿ ಅಂತ ಕೇಳಿ ಬರೆದಿದ್ದೀರಿ. ಕಂಪನಿಗೆ ಹೋದರೆ ತೈಲ ಹುಡುಕುತ್ತೀರಿ, ಡಿಜಿಎಚ್‌ಗೆ ಹೋದರೆ ಹುಡುಕುವವರನ್ನು ತಡೆಯುವ ಫೈಲು ತಳ್ಳುತ್ತೀರಿ ಅಂತ ನಿಮ್ಮ ಸೀನಿಯರ್‌ಗಳು ಹೇಳಿದ್ದಾರೆ. ಧಾರವಾಡದಲ್ಲಿ ಭೂವಿಜ್ಞಾನದ ಎಂ.ಎಸ್ಸಿ. ಮುಗಿಸಿದಾಗ ನನಗೂ ಇದನ್ನೇ ಹೇಳಿದ್ದರು. ನಾನು ನಂಬಿದ್ದೆ. ಆ ನಂಬಿಕೆಯಿಂದ ಒಂದು ಗ್ಯಾಸ್ ನಿಕ್ಷೇಪವೇ ಕೈತಪ್ಪಿತು. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಾನು ಸೇರಿದ್ದು ಆಂಧ್ರ ಕರಾವಳಿಯ ಕೃಷ್ಣಾ–ಗೋದಾವರಿ ಬೇಸಿನ್‌ನ (ಬೇಸಿನ್ ಅಂದರೆ ಮರಳು, ಕೆಸರು ಪದರ ಪದರವಾಗಿ ಕೂತ ದೊಡ್ಡ ತಗ್ಗು) ಆಳಸಮುದ್ರದಲ್ಲಿ ಬ್ಲಾಕ್, ಅಂದರೆ ತೈಲ ಹುಡುಕಲು ಸರ್ಕಾರ ಗಡಿ ಹಾಕಿ ಕೊಡುವ ಜಾಗ, ಪಡೆದಿದ್ದ ಒಂದು ಕಂಪನಿಗೆ. ಆಗ ನಡೆಯುತ್ತಿದ್ದದ್ದು ನೆಲ್ಪ್, ಅಂದರೆ 1999ರಲ್ಲಿ ಮೊದಲ ಸುತ್ತಿನ ಹರಾಜು ಕಂಡ ಹೊಸ ಅನ್ವೇಷಣಾ ಪರವಾನಗಿ ನೀತಿ. ಅದರ ಕರಾರು ಹೀಗಿರುತ್ತಿತ್ತು: ಕಂಪನಿ ತನ್ನ ದುಡ್ಡಿನಲ್ಲಿ ಸೈಸ್ಮಿಕ್ ಸರ್ವೆ (ಶಬ್ದದ ಅಲೆ ಕಳಿಸಿ ನೆಲದೊಳಗಿನ ಪದರಗಳನ್ನು ನೋಡುವುದು) ಮಾಡಬೇಕು, ಬಾವಿ ಕೊರೆಯಬೇಕು. ಸಿಕ್ಕಿದರೆ ಖರ್ಚನ್ನು ಉತ್ಪಾದನೆಯಿಂದ ಮೊದಲು ಹಿಂಪಡೆದು, ಉಳಿದ ಲಾಭವನ್ನು ಸರ್ಕಾರದೊಂದಿಗೆ ಹಂಚಿಕೊಳ್ಳಬೇಕು. ಅನ್ವೇಷಣೆಗೆ ಅವಧಿ ನಿಗದಿ. ಆ ಅವಧಿ ಮುಗಿಯುವಾಗ ನಿಕ್ಷೇಪ ಸಿಕ್ಕಿದ ಜಾಗ ಮಾತ್ರ ನಿಮ್ಮ ಬಳಿ ಉಳಿಯುತ್ತದೆ, ಮಿಕ್ಕಿದ್ದೆಲ್ಲ ಸರ್ಕಾರಕ್ಕೆ ವಾಪಸ್.

ನಮ್ಮ ಅವಧಿಯ ಕೊನೆಯಲ್ಲಿ ಕೊರೆದ ಬಾವಿಯಲ್ಲಿ ಗ್ಯಾಸ್ ಕಂಡಿತು. ಲಾಗ್‌ಗಳು, ಅಂದರೆ ಬಾವಿಗೆ ಉಪಕರಣ ಇಳಿಸಿ ಕಲ್ಲಿನ ಗುಣ ಅಳೆದ ಗೆರೆಚಿತ್ರಗಳು, ಸ್ಪಷ್ಟವಾಗಿದ್ದವು. ನ್ಯೂಟ್ರಾನ್ ಮತ್ತು ಡೆನ್ಸಿಟಿ ಗೆರೆಗಳು ಗ್ಯಾಸ್ ಇರುವ ಮರಳಿನಲ್ಲಿ ಹೇಗೆ ದಾಟಬೇಕೋ ಹಾಗೆ ದಾಟಿದ್ದವು. ಕೇಬಲ್ ಮೇಲೆ ಇಳಿಸಿ ಬಾವಿಯ ಗೋಡೆಗೆ ಒತ್ತಿ ನೋಡುವ ವೈರ್‌ಲೈನ್ ಟೆಸ್ಟರ್ ಒತ್ತಡವನ್ನೂ ಕೊಟ್ಟಿತು, ಸ್ಯಾಂಪಲ್ ಬಾಟಲಿಯಲ್ಲಿ ಗ್ಯಾಸನ್ನೂ ತಂದಿತು. ಮುಂದೆ ಮಾಡಬೇಕಾಗಿದ್ದದ್ದು ಡ್ರಿಲ್ ಸ್ಟೆಮ್ ಟೆಸ್ಟ್, ಎಲ್ಲರೂ ಡಿಎಸ್‌ಟಿ ಎನ್ನುವ ಪರೀಕ್ಷೆ: ಕೇಸಿಂಗ್, ಅಂದರೆ ಬಾವಿಯ ಗೋಡೆಗೆ ಆಸರೆಯಾಗುವ ಉಕ್ಕಿನ ಕೊಳವೆ, ಇಳಿಸಿ, ಅದಕ್ಕೆ ರಂಧ್ರ ಹೊಡೆದು, ಪೈಪಿನ ಮೂಲಕ ಗ್ಯಾಸನ್ನು ರಿಗ್‌ವರೆಗೆ ಹರಿಸಿ, ಉರಿಸುತ್ತ ಅಳೆದು, ಆಮೇಲೆ ಬಾವಿ ಮುಚ್ಚಿ ಒತ್ತಡ ಎಷ್ಟು ಬೇಗ, ಎಷ್ಟರ ಮಟ್ಟಿಗೆ ಮರಳಿ ಏರುತ್ತದೆ ಅಂತ ಕಾಯುವುದು. ಆಳಸಮುದ್ರದ ರಿಗ್‌ನ ದಿನದ ಬಾಡಿಗೆ ಲಕ್ಷಗಟ್ಟಲೆ ಡಾಲರ್. ಬಂಗಾಳಕೊಲ್ಲಿಯಲ್ಲಿ ಚಂಡಮಾರುತದ ಕಾಲ ಹತ್ತಿರ ಬರುತ್ತಿತ್ತು, ರಿಗ್‌ಗಾಗಿ ಇನ್ನೊಂದು ಬಾವಿ ಕಾದಿತ್ತು. ಡಿಎಸ್‌ಟಿ ಬೇಡ, ಇರುವ ದತ್ತಾಂಶ ಸಾಕು, ಹರಿವಿನ ಪರೀಕ್ಷೆಯನ್ನು ಮುಂದೆ ನಿಕ್ಷೇಪದ ಗಾತ್ರ ತಿಳಿಯಲು ಕೊರೆಯುವ ಮೌಲ್ಯಮಾಪನದ ಬಾವಿಯಲ್ಲಿ ಮಾಡೋಣ ಅಂತ ಟಿಪ್ಪಣಿ ಬರೆದವನು ನಾನು. ಮ್ಯಾನೇಜರು ಸಹಿ ಹಾಕಿದರು. ರಿಗ್ ಹೋಯಿತು.

ಕರಾರಿನಲ್ಲಿ ಡಿಸ್ಕವರಿ ಅಂದರೆ ಏನು ಅಂತ ಬರೆದಿತ್ತು: ಹಿಂದೆ ಗೊತ್ತಿರದ ನಿಕ್ಷೇಪವಾಗಿರಬೇಕು, ಮೇಲ್ಮೈಗೆ ತರಬಲ್ಲದ್ದಾಗಿರಬೇಕು, ಉದ್ಯಮದ ರೂಢಿಯ ಪರೀಕ್ಷಾ ವಿಧಾನಗಳಿಂದ ಅಳೆಯಬಹುದಾದ ಹರಿವು ಇರಬೇಕು. ಅದನ್ನು ನಾನು ಓದಿದ್ದೆ. ಬಾಟಲಿಯಲ್ಲಿ ಗ್ಯಾಸ್ ಇದೆಯಲ್ಲ, ಲೆಕ್ಕ ಹಾಕಿದರೆ ಹರಿವೂ ಸಿಗುತ್ತದಲ್ಲ ಅಂದುಕೊಂಡೆ. ನಿಕ್ಷೇಪ ಸಿಕ್ಕಿದೆ ಅಂತ ನಾವು ಕಳಿಸಿದ ಸೂಚನಾಪತ್ರಕ್ಕೆ ಡಿಜಿಎಚ್‌ನಿಂದ ಬಂದ ಪ್ರಶ್ನೆ ಚಿಕ್ಕದು: ಮೇಲ್ಮೈಯಲ್ಲಿ ಅಳೆದ ಹರಿವು ಎಲ್ಲಿ? ಪ್ರಪಂಚದ ಬೇರೆ ಆಳಸಮುದ್ರಗಳಲ್ಲಿ ಪ್ರತಿ ಬಾವಿಗೂ ಡಿಎಸ್‌ಟಿ ಮಾಡುವುದಿಲ್ಲ ಅಂತ ಉದ್ದುದ್ದ ಉತ್ತರ ಬರೆದೆವು. ಅದು ನಿಜವೂ ಹೌದು. ಆದರೆ ನಾವು ಸಹಿ ಹಾಕಿದ್ದ ಕರಾರಿನಲ್ಲಿ ಅದು ಇರಲಿಲ್ಲ. ಪತ್ರಗಳು ಓಡಾಡುತ್ತಿರುವಾಗಲೇ ಅವಧಿ ಮುಗಿಯಿತು, ಡಿಸ್ಕವರಿಗೆ ಮಾನ್ಯತೆ ಸಿಗಲಿಲ್ಲ, ಬ್ಲಾಕ್ ವಾಪಸ್ ಹೋಯಿತು. ತಂಡ ಚದುರಿತು, ನನ್ನ ಕೆಲಸವೂ ಹೋಯಿತು.

ಇಂಥ ತಕರಾರು ಇನ್ನೂ ಕೆಲವು ಬ್ಲಾಕ್‌ಗಳಲ್ಲಿತ್ತು. 2015ರಲ್ಲಿ ಕೇಂದ್ರ ಸಂಪುಟ ಸಮಿತಿ ಅಂಥ ಡಿಸ್ಕವರಿಗಳಿಗೆ ದಾರಿ ಮಾಡಿಕೊಟ್ಟಿತು: ಜಾಗ ಬಿಟ್ಟುಕೊಡಿ, ಇಲ್ಲವೇ ಈಗ ಡಿಎಸ್‌ಟಿ ಮಾಡಿ, ಅದರ ಖರ್ಚಿನಲ್ಲಿ ಅರ್ಧ ಹಿಂಪಡೆಯಲು ಬಿಡುವುದಿಲ್ಲ, ಇಲ್ಲವೇ ಪರೀಕ್ಷೆಯಿಲ್ಲದೆ ಅಭಿವೃದ್ಧಿಗೆ ಇಳಿಯಿರಿ, ಸೋತರೆ ನಷ್ಟ ನಿಮ್ಮದೇ. ನಮಗೆ ಅದು ತಡವಾಗಿತ್ತು.

ಆ ಕಾಲದಲ್ಲಿ ನಾನು ಡಿಜಿಎಚ್ ಅನ್ನು ಬೈಯುತ್ತಿದ್ದೆ. ಈಗ ಬೈಯುವುದಿಲ್ಲ. ವೈರ್‌ಲೈನ್ ಟೆಸ್ಟರ್ ನೋಡುವುದು ಬಾವಿಯ ಗೋಡೆಯ ಆಸುಪಾಸಿನ ಕೆಲವು ಅಡಿಗಳನ್ನು. ಆ ಮರಳಿನ ಪದರ ಕಿಲೋಮೀಟರ್‌ಗಟ್ಟಲೆ ಹಬ್ಬಿದೆಯೋ, ನೂರು ಮೀಟರಿನಲ್ಲಿ ಜೇಡಿಗೆ ಬಡಿದು ನಿಲ್ಲುತ್ತದೋ ಅದಕ್ಕೆ ಗೊತ್ತಿಲ್ಲ. ಹರಿಸಿ, ಮುಚ್ಚಿ, ಒತ್ತಡ ಮೊದಲಿನ ಮಟ್ಟಕ್ಕೆ ಮರಳಿತೋ ಇಲ್ಲವೋ ಅಂತ ನೋಡಿದಾಗಲೇ ನಿಕ್ಷೇಪದ ಗಾತ್ರದ ಸುಳಿವು ಸಿಗುವುದು. ನಮ್ಮ ಬಯಲುಸೀಮೆಯಲ್ಲಿ ಬೋರ್‌ವೆಲ್‌ನಲ್ಲಿ ನೀರು ಬಿತ್ತು ಅಂದ ಮಾತ್ರಕ್ಕೆ ಯಾವ ರೈತನೂ ಅಡಿಕೆ ಸಸಿ ತರುವುದಿಲ್ಲ. ಪಂಪು ಇಳಿಸಿ, ಓಡಿಸಿ, ಎಷ್ಟು ಇಂಚು ನೀರು, ಎಷ್ಟು ಹೊತ್ತು ನಿಲ್ಲುತ್ತದೆ ನೋಡುತ್ತಾನೆ. ಖರ್ಚು ಮೊದಲು ಹಿಂಪಡೆಯುವ ಕರಾರಿನಲ್ಲಿ ಸರ್ಕಾರ ಹಿಂದೆ ನಿಂತ ಪಾಲುದಾರ. ನಿಕ್ಷೇಪ ಸಣ್ಣದಾದರೆ ಸರ್ಕಾರದ ಲಾಭದ ಪಾಲು ಸೊನ್ನೆಗೆ ಇಳಿಯಬಹುದು. ಅಳತೆ ಕೇಳುವ ಹಕ್ಕು ಅದಕ್ಕಿತ್ತು.

ಪರೀಕ್ಷೆ ಬಿಟ್ಟದ್ದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ರಿಗ್ ಹೊರಡುವ ಮೊದಲು ಕೇಳದೇ ಇದ್ದದ್ದು. ನೆಲ್ಪ್ ಕರಾರಿನಲ್ಲಿ ಮ್ಯಾನೇಜ್‌ಮೆಂಟ್ ಕಮಿಟಿ ಇರುತ್ತದೆ, ಅದರಲ್ಲಿ ಸರ್ಕಾರದ ಪ್ರತಿನಿಧಿಗಳಿರುತ್ತಾರೆ. ಪರೀಕ್ಷೆ ಹೀಗೆ ಮಾಡುತ್ತೇವೆ, ಒಪ್ಪಿಗೆಯೇ ಅಂತ ರಿಗ್ ಬಾವಿಯ ಮೇಲಿರುವಾಗಲೇ ಒಂದು ಪತ್ರ ಹೋಗಿದ್ದರೆ, ಅವರು ಇಲ್ಲ ಅಂದಿದ್ದರೂ ಪರೀಕ್ಷೆ ಮಾಡಲು ನಮ್ಮ ಬಳಿ ರಿಗ್ ಇರುತ್ತಿತ್ತು. ನಿಯಂತ್ರಕರು ಕೊನೆಯಲ್ಲಿ ಬಂದು ಅಡ್ಡ ನಿಲ್ಲುವವರು ಅಂತ ತಲೆಯಲ್ಲಿ ಕೂತಿದ್ದರಿಂದ ಆ ಪತ್ರ ಬರೆಯುವುದು ನನಗೆ ಹೊಳೆಯಲೇ ಇಲ್ಲ. ನಿಮ್ಮ ಸೀನಿಯರ್‌ಗಳು ಈಗ ನಿಮ್ಮ ತಲೆಗೆ ತುಂಬುತ್ತಿರುವುದೂ ಅದನ್ನೇ. ಅದಕ್ಕೇ ಇಷ್ಟು ಉದ್ದ ಬರೆದೆ.

ಆದ್ದರಿಂದ ಹುಡುಕುವವರು ಆ ಕಡೆ, ತಡೆಯುವವರು ಈ ಕಡೆ ಎಂಬ ನಿಮ್ಮ ಪ್ರಶ್ನೆಯ ತಳಪಾಯವನ್ನೇ ನಾನು ಒಪ್ಪುವುದಿಲ್ಲ. ದೇಶದಲ್ಲಿ 26 ಸಂಚಯ ಬೇಸಿನ್‌ಗಳಿವೆ, ಒಟ್ಟು ಸುಮಾರು 33.6 ಲಕ್ಷ ಚದರ ಕಿಲೋಮೀಟರ್. ಬೇಕಾದ ಕಚ್ಚಾತೈಲದಲ್ಲಿ ನೂರಕ್ಕೆ 85ಕ್ಕಿಂತ ಹೆಚ್ಚು ಹೊರಗಿನಿಂದ ಬರುತ್ತದೆ. ಹೂಡಿಕೆದಾರರನ್ನು ಕರೆಯಲು ಬೇಕಾಗುವುದು ನಂಬಬಹುದಾದ ದತ್ತಾಂಶ. ಒಬ್ಬರು ಬಿಟ್ಟುಹೋದ ಜಾಗದಲ್ಲಿ ಮತ್ತೊಬ್ಬರು ಹುಡುಕುವುದೇ ಈ ಕಸುಬಿನ ಇತಿಹಾಸ. ರಾಜಸ್ಥಾನದ ಬಾಡಮೇರ್‌ನಲ್ಲಿ ಶೆಲ್ ಕಂಪನಿ ತನ್ನ ಪಾಲು ಬಿಟ್ಟ ಬ್ಲಾಕ್‌ನಲ್ಲೇ ಕೇರ್ನ್ ಕಂಪನಿ 2004ರಲ್ಲಿ ಮಂಗಳಾ ತೈಲ ನಿಕ್ಷೇಪ ಕಂಡಿತು. ನಾವು ವಾಪಸ್ ಕೊಟ್ಟ ಬ್ಲಾಕ್‌ನ ದಾಖಲೆಯಲ್ಲಿ ಹರಿವಿನ ಅಂಕಿ ಇಲ್ಲ. ಮುಂದೆ ಅಲ್ಲಿಗೆ ಬರುವವರು ನಮ್ಮ ಲಾಗ್ ನೋಡಿ ನಮ್ಮಷ್ಟೇ ಊಹಿಸಬೇಕು. ಇದು ನನಗೆ ಇಂದಿಗೂ ನೋವು.

ನೆಲ್ಪ್ ಬದಲಿಗೆ 2016ರಲ್ಲಿ ಹೆಲ್ಪ್, ಅಂದರೆ ಹೈಡ್ರೋಕಾರ್ಬನ್ ಅನ್ವೇಷಣೆ ಮತ್ತು ಪರವಾನಗಿ ನೀತಿ, ಬಂದ ಮೇಲೆ ಕೆಲಸದ ಸ್ವರೂಪವೂ ಬದಲಾಗಿದೆ. ಲಾಭದ ಬದಲು ಆದಾಯದಲ್ಲೇ ಪಾಲು, ಹಾಗಾಗಿ ಕಂಪನಿಯ ಬಿಲ್ಲುಗಳನ್ನು ಕೆದಕುವ ಕೆಲಸ ಕಡಿಮೆ. ಕಂಪನಿಗಳೇ ರಾಷ್ಟ್ರೀಯ ದತ್ತಾಂಶ ಭಂಡಾರದ ಸೈಸ್ಮಿಕ್ ನೋಡಿ ತಮಗೆ ಬೇಕಾದ ಜಾಗದ ಗಡಿ ಹಾಕಿಕೊಂಡು ಕೇಳಬಹುದು. ಆ ಭಂಡಾರ ನಡೆಸುವುದು ಡಿಜಿಎಚ್. ಯಾರೂ ನೋಡದ ಪ್ರದೇಶಗಳಲ್ಲಿ 48 ಸಾವಿರ ಲೈನ್ ಕಿಲೋಮೀಟರ್‌ಗೂ ಹೆಚ್ಚು ಹೊಸ ಸೈಸ್ಮಿಕ್ ಸರ್ವೆಯನ್ನು ಸರ್ಕಾರವೇ ಕೈಗೆತ್ತಿಕೊಂಡಿತು. ಕಾರವಾರ, ಮಂಗಳೂರಿನ ಎದುರಿನ ಕೇರಳ–ಕೊಂಕಣ ಬೇಸಿನ್‌ನಲ್ಲಿ ಬಾವಿ ಕೊರೆದರೂ ಇನ್ನೂ ವಾಣಿಜ್ಯ ನಿಕ್ಷೇಪ ಸಿಕ್ಕಿಲ್ಲ. ಅಲ್ಲಿ ಬಸಾಲ್ಟ್, ಅಂದರೆ ಗಟ್ಟಿಯಾದ ಲಾವಾ ಕಲ್ಲಿನ, ಪದರದ ಕೆಳಗೆ ಏನಿದೆ ಅಂತ ಕಾಣುವುದೇ ಕಷ್ಟ. ಅಂಥ ಕಡೆ ಹೊಸ ದತ್ತಾಂಶವನ್ನು ಮೊದಲು ನೋಡುವ ಕಣ್ಣು ನಿಮ್ಮದಾಗಬಹುದು. ಇದನ್ನು ಫೈಲು ತಳ್ಳುವುದು ಅನ್ನುವವರು ಆ ಕೆಲಸ ನೋಡಿಲ್ಲ.

ಡಿಜಿಎಚ್‌ನಲ್ಲಿ ಕೊರತೆಗಳಿಲ್ಲ ಅಂತ ಅಲ್ಲ. 1993ರಲ್ಲಿ ಅದು ಹುಟ್ಟಿದ್ದು ಸರ್ಕಾರದ ನಿರ್ಣಯದಿಂದ, ಸಂಸತ್ತಿನ ಕಾಯ್ದೆಯಿಂದಲ್ಲ. ಅಲ್ಲಿನ ಅಧಿಕಾರಿಗಳಲ್ಲಿ ಅನೇಕರು ಒಎನ್‌ಜಿಸಿಯಂಥ ಕಂಪನಿಗಳಿಂದ ನಿಯೋಜನೆಯ ಮೇಲೆ ಬರುತ್ತಾರೆ, ಮತ್ತೆ ಅಲ್ಲಿಗೇ ಹೋಗುತ್ತಾರೆ. ಅದಕ್ಕೆ ಸ್ವಂತ ಕಾಯ್ದೆ, ಸ್ವಂತ ಸಿಬ್ಬಂದಿ ಬೇಕು. ಸುರಕ್ಷತೆಯ ವಿಷಯದಲ್ಲಂತೂ ಪ್ರೋತ್ಸಾಹಿಸುವ ಕೈ ಮತ್ತು ತಪಾಸಣೆಯ ಕೈ ಬೇರೆಯಾಗಿಯೇ ಇರಬೇಕು. ಬ್ರಿಟನ್ನಿನ ಪೈಪರ್ ಆಲ್ಫಾ ಎಂಬ ಸಮುದ್ರದ ತೈಲ ವೇದಿಕೆಯಲ್ಲಿ 1988ರಲ್ಲಿ 167 ಮಂದಿ ಸತ್ತ ಮೇಲೆ ಸುರಕ್ಷತೆಯ ಹೊಣೆಯನ್ನು ಇಂಧನ ಇಲಾಖೆಯಿಂದ ತೆಗೆದರು. ಅಮೆರಿಕದಲ್ಲಿ 2010ರ ಮಕಾಂಡೊ ತೈಲಬಾವಿಯ ಸ್ಫೋಟದಲ್ಲಿ 11 ಮಂದಿ ಸತ್ತ ಮೇಲೆ, ಬ್ಲಾಕ್ ಹಂಚುವುದು, ಹಣ ವಸೂಲಿ, ಸುರಕ್ಷತೆ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದ ಸಂಸ್ಥೆಯನ್ನು ಮೂರಾಗಿ ಒಡೆದರು. ನಮ್ಮಲ್ಲಿ ಸಮುದ್ರದ ಸುರಕ್ಷತೆಯನ್ನು ಬೇರೆಯೇ ನಿರ್ದೇಶನಾಲಯ ನೋಡುತ್ತದೆ, ಆದರೆ ಎರಡೂ ಒಂದೇ ಸಚಿವಾಲಯದ ಕೆಳಗಿವೆ. ಆಂಧ್ರದ ಕೋನಸೀಮೆಯ ಪಾಸರ್ಲಪೂಡಿಯಲ್ಲಿ 1995ರಲ್ಲಿ ಎರಡು ತಿಂಗಳಿಗೂ ಹೆಚ್ಚು ಕಾಲ ಉರಿದ ಬಾವಿಯನ್ನು ಕಂಡವರ ಜೊತೆ ಮಾತಾಡಿದ್ದೇನೆ. 2020ರಲ್ಲಿ ಅಸ್ಸಾಂನ ಬಾಘಜಾನ್ ಗ್ಯಾಸ್ ಬಾವಿ ತಿಂಗಳುಗಟ್ಟಲೆ ಉರಿಯಿತು. ಇಂಥ ವಿಷಯದಲ್ಲಿ ಹೂಡಿಕೆಯ ಆತುರಕ್ಕೆ ಬಗ್ಗದ ಅಧಿಕಾರಿ ಬೇಕು.

ನೀವು ಸಂಬಳ, ಊರು, ಭದ್ರತೆ ಹೋಲಿಸಿ ಹೇಳಿ ಅಂದಿದ್ದಿರಿ. ಸಂಬಳ ಕಂಪನಿಯಲ್ಲಿ ಹೆಚ್ಚು, ಭದ್ರತೆ ಎರಡರಲ್ಲೂ ಇಲ್ಲ. ನನ್ನ ಮಾತು ಕೇಳುವುದಾದರೆ ಮೊದಲು ಡಿಜಿಎಚ್‌ಗೆ ಹೋಗಿ, ಆಮೇಲೆ ಕಂಪನಿಗೆ. ಹೋಗುವ ಮುಂಚೆ ಯಾವ ಡೆಸ್ಕ್ ಅಂತ ಕೇಳಿ. ಡಿಸ್ಕವರಿ ಪರಿಶೀಲನೆ, ಅಭಿವೃದ್ಧಿ ಯೋಜನೆ, ದತ್ತಾಂಶ ಭಂಡಾರ, ಈ ಮೂರರಲ್ಲಿ ಒಂದಾದರೆ ಕಣ್ಣು ಮುಚ್ಚಿ ಸೇರಿ. ಬರೀ ಸಭೆಗಳ ನಡಾವಳಿ ಬರೆಯುವ ಕೆಲಸವಾದರೆ ಬೇಡ. ಕಂಪನಿಯನ್ನೇ ಆರಿಸುವುದಾದರೆ ಸಂದರ್ಶನದಲ್ಲಿ ಎರಡು ಪ್ರಶ್ನೆ ಕೇಳಿ: ನಿಮ್ಮ ಬ್ಲಾಕ್‌ನ ಅನ್ವೇಷಣಾ ಅವಧಿ ಇನ್ನೆಷ್ಟು ಉಳಿದಿದೆ, ಬಾವಿಯ ಪರೀಕ್ಷೆ ಕೈಬಿಡುವ ನಿರ್ಧಾರಕ್ಕೆ ಸಹಿ ಹಾಕುವವರು ಯಾರು. ಎರಡನೆಯದಕ್ಕೆ ರಿಗ್ ಮ್ಯಾನೇಜರು ಅಂತ ಉತ್ತರ ಬಂದರೆ ಆ ಆಫರ್ ಬಿಟ್ಟುಬಿಡಿ.