ಫೇಸ್‌ಬುಕ್ಕಿಗೂ ಪತ್ರಿಕೆಯ ಕಾನೂನೇ ಇರ್ಬೇಕಾ? ಡಲ್ಲಾಸಿನ ಓದುಗರಿಗೆ ಉತ್ತರ

ಪ್ರಿಯ ಓದುಗರೇ,

ಹೋದ ಸಂಚಿಕೆಯಲ್ಲಿ ಅಮೆರಿಕದ ಸೆಕ್ಷನ್ 230 (ಜನ ಬರ್ದಿದ್ದಕ್ಕೆ ವೆಬ್‌ಸೈಟನ್ನ ಹೊಣೆ ಮಾಡ್ಬಾರ್ದು ಅನ್ನೋ ಕಾನೂನು) ಬಗ್ಗೆ ಬಂದ ಲೇಖನ ಓದಿ ನೀವು ಡಲ್ಲಾಸಿಂದ ಬರ್ದಿರೋ ಪತ್ರ ತಲುಪ್ತು. ಕೋಪದಲ್ಲಿ ಬರ್ದಿದೀರಿ, ಆದ್ರೆ ಮನಸ್ಸಲ್ಲಿ ಇದ್ದಿದ್ದನ್ನ ನೇರವಾಗಿ ಹೇಳಿದೀರಿ, ಹಾಗಾಗಿ ಎರಡು ಸಾಲಲ್ಲಿ ಮುಗಿಸೋಕೆ ನಂಗೆ ಇಷ್ಟ ಇಲ್ಲ. ಪತ್ರ ಓದಿಲ್ಲದೇ ಇರೋರಿಗಾಗಿ ನಿಮ್ಮ ವಾದವನ್ನ ಮೊದ್ಲು ಹೇಳ್ಬಿಡ್ತೀನಿ. ಅಧ್ಯಕ್ಷರಾಗಿ ಇನ್ನೂ ಕುರ್ಚಿಯಲ್ಲಿದ್ದ ಟ್ರಂಪ್ ಅವರ ಅಕೌಂಟನ್ನೇ 2021ರಲ್ಲಿ ಕಿತ್ತಾಕಿದ ಕಂಪನಿಗಳು, ಅದೇ ಬಾಯಲ್ಲಿ 'ಜನ ಬರ್ದಿದ್ದಕ್ಕೆ ನಾವು ಹೊಣೆ ಅಲ್ಲ' ಅಂತಾವೆ. ಒಂದೋ ಅವು ಪೋಸ್ಟಾಫೀಸಿನ ಹಾಗೆ ಎಲ್ಲಾ ಕಾಗದಾನೂ ತಲುಪಿಸ್ಬೇಕು, ಇಲ್ಲಾ ಪತ್ರಿಕೆ ಹಾಗೆ ಪ್ರತಿ ಸಾಲಿಗೂ ಜವಾಬ್ದಾರಿ ಹೊರಬೇಕು. ನೀವು ಸಂಪಾದಕರು, ನಿಮ್ಮನ್ನ ಕೋರ್ಟಿಗೆ ಎಳೀಬಹುದು, ಫೇಸ್‌ಬುಕ್ಕಿನ ಝುಕರ್‌ಬರ್ಗ್‌ನ ಯಾಕೆ ಎಳೀಬಾರ್ದು? ಈ ಕಾನೂನನ್ನ ರದ್ದು ಮಾಡಿ ಅಂತ ಟ್ರಂಪ್ ಹೇಳಿದ್ದೇ ಸರಿ, ನಿಮ್ಮ ಪತ್ರಿಕೆ ಕಂಪನಿಗಳ ಪರ ವಕಾಲತ್ತು ಮಾಡ್ತಿದೆ. ಇಷ್ಟು ತಾನೇ?

ಸಂಪಾದಕರ ಜವಾಬ್ದಾರಿ ವಿಷ್ಯದಿಂದಾನೇ ಶುರು ಮಾಡ್ತೀನಿ. ನಮ್ಮ ಪತ್ರಿಕೆಯಲ್ಲಿ ಸಣ್ಣಕ್ಷರದಲ್ಲಿ ಮುದ್ರಕರು, ಪ್ರಕಾಶಕರು, ಸಂಪಾದಕರು ಯಾರು ಅಂತ ಹಾಕಿರ್ತೀವಲ್ಲ, ಅದು 1867ರ ಪ್ರೆಸ್ ಕಾಯ್ದೆ ಕಾಲದಿಂದ ಬಂದಿರೋ ಕಡ್ಡಾಯ, ಈಗ ಅದರ ಜಾಗಕ್ಕೆ 2023ರ ಹೊಸ ಕಾಯ್ದೆ ಬಂದಿದೆ. ಓದುಗರ ಪತ್ರದಲ್ಲಿ ಮಾನಹಾನಿ ಇದ್ರೂ ಅದು ನಮ್ಮ ತಲೆ ಮೇಲೇ. ನಿಮ್ಮ ಪತ್ರದಲ್ಲೂ ಒಬ್ಬರ ಹೆಸರು ಹಿಡಿದು 'ದುಡ್ಡು ತಿಂದಿದಾರೆ' ಅಂತ ಒಂದು ಸಾಲಿತ್ತು, ಆಧಾರ ಕೊಟ್ಟಿರ್ಲಿಲ್ಲ, ಆ ಸಾಲು ತೆಗೆದು ಉಳಿದಿದ್ದನ್ನ ಒಂದಕ್ಷರ ಮುಟ್ಟದೆ ಹಾಕಿದೀವಿ. ಇದು ನಮ್ಮಿಂದ ಆಗೋದು ಯಾಕಂದ್ರೆ ಒಂದು ಸಂಚಿಕೆಗೆ ಬರೋ ಪತ್ರಗಳನ್ನ ಒಬ್ಬ ಮನುಷ್ಯ ಕೂತು ಓದಿ ಮುಗಿಸ್ಬಹುದು. ಯೂಟ್ಯೂಬಿಗೆ ಒಂದು ನಿಮಿಷಕ್ಕೆ 500 ಗಂಟೆಗೂ ಜಾಸ್ತಿ ವಿಡಿಯೋ ಅಪ್‌ಲೋಡ್ ಆಗುತ್ತೆ ಅಂತ ಅವರೇ ಹೇಳ್ತಾರೆ. ಅದನ್ನ ಮೊದ್ಲು ನೋಡಿ ಆಮೇಲೆ ಹಾಕಿ ಅನ್ನೋ ಕಾನೂನು ಬಂದ್ರೆ ಅವರು ಸಂಪಾದಕರನ್ನ ಇಟ್ಕೊಳ್ಳಲ್ಲ, ಯಾರಾದ್ರೂ ಒಬ್ಬ ಲಾಯರ್ ನೋಟಿಸ್ ಕಳ್ಸಿದ ತಕ್ಷಣ ಕಣ್ಮುಚ್ಚಿ ಡಿಲೀಟ್ ಮಾಡ್ತಾರೆ, ಮತ್ತೆ ನೋಟಿಸ್ ಕಳ್ಸೋ ತಾಕತ್ತು ಯಾರಿಗಿರುತ್ತೆ ಅಂತ ನಿಮಗೂ ಗೊತ್ತು.

ಈ ಕಾನೂನು ಹುಟ್ಟಿದ್ದೇ ಅಂಥ ಒಂದು ಕೇಸಿಂದ. ಹೋದ ಲೇಖನದಲ್ಲಿ ಜಾಗ ಸಾಲ್ದೆ ಬಿಟ್ಟಿದ್ವಿ, ಈಗ ಹೇಳ್ತೀನಿ. 1991ರಲ್ಲಿ ಕಂಪ್ಯುಸರ್ವ್ ಅನ್ನೋ ಆನ್‌ಲೈನ್ ಸರ್ವೀಸ್ ಮೇಲೆ ಮಾನಹಾನಿ ಕೇಸ್ ಬಿತ್ತು, ನ್ಯೂಯಾರ್ಕಿನ ಫೆಡರಲ್ ಕೋರ್ಟ್ 'ಇವರು ಏನನ್ನೂ ಓದಿ ನೋಡಿ ಹಾಕಲ್ಲ, ಹಾಗಾಗಿ ಹೊಣೆ ಇಲ್ಲ' ಅಂತು. 1994ರಲ್ಲಿ ಪ್ರಾಡಿಜಿ ಅನ್ನೋ ಇನ್ನೊಂದು ಸರ್ವೀಸಿನ 'ಮನಿ ಟಾಕ್' ಅನ್ನೋ ಚರ್ಚೆಯ ಬೋರ್ಡಲ್ಲಿ ಯಾರೋ ಹೆಸರು ಹೇಳದೆ, ಸ್ಟ್ರಾಟನ್ ಓಕ್‌ಮಾಂಟ್ ಅನ್ನೋ ಶೇರ್ ಬ್ರೋಕರ್ ಕಂಪನಿ ವಂಚನೆ ಮಾಡ್ತಿದೆ ಅಂತ ಬರ್ದ. ಕಂಪನಿ 20 ಕೋಟಿ ಡಾಲರ್ ಪರಿಹಾರ ಕೇಳಿ ಪ್ರಾಡಿಜಿ ಮೇಲೆ ಕೇಸ್ ಹಾಕ್ತು. ಪ್ರಾಡಿಜಿಯವರು ಮನೆಮಂದಿ ಎಲ್ಲ ನೋಡೋ ಹಾಗೆ ಇರ್ಲಿ ಅಂತ ಕೆಟ್ಟ ಬೈಗುಳ ಇದ್ರೆ ತೆಗೀತಿದ್ರು, ಅಷ್ಟಕ್ಕೇ 1995ರ ಮೇ ತಿಂಗಳಲ್ಲಿ ಕೋರ್ಟು 'ನೀವು ಪ್ರಕಾಶಕರು, ಹೊಣೆ ನಿಮ್ದೇ' ಅಂದ್ಬಿಡ್ತು. ಅಂದ್ರೆ ಗಲೀಜು ಹಾಗೇ ಬಿಟ್ಟೋರು ಬಚಾವ್, ಸ್ವಲ್ಪ ಕ್ಲೀನ್ ಮಾಡೋಕೆ ಹೋದೋರು ಸಿಕ್ಕಿಬಿದ್ರು. ಆ ಸ್ಟ್ರಾಟನ್ ಓಕ್‌ಮಾಂಟ್ ಯಾರ್ದು ಅಂದ್ರೆ, ಮುಂದೆ ಶೇರ್ ವಂಚನೆಗೆ ಜೈಲಿಗೆ ಹೋದ ಜೋರ್ಡನ್ ಬೆಲ್‌ಫೋರ್ಟ್‌ದು. ಅನಾಮಧೇಯ ಆಸಾಮಿ ಬರ್ದಿದ್ದು ಬರೀ ಗಾಳಿಮಾತಾಗಿರ್ಲಿಲ್ಲ, ಆದ್ರೂ ಕೋರ್ಟಲ್ಲಿ ಗೆದ್ದೋರು ವಂಚಕರು. ನಂಗೆ ಈ ಇಡೀ ಚರ್ಚೆಯಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ಸೋದು ಇದೇ.

ಈ ತೀರ್ಪಿನ ಸುದ್ದಿ ಓದಿ ರಿಪಬ್ಲಿಕನ್ ಸಂಸದ ಕ್ರಿಸ್ ಕಾಕ್ಸ್, ಡೆಮಾಕ್ರಟ್ ಸಂಸದ ರಾನ್ ವೈಡನ್ ಇಬ್ರೂ ಸೇರಿ ಸೆಕ್ಷನ್ 230 ಬರ್ದ್ರು, 1996ರ ಫೆಬ್ರವರಿ 8ಕ್ಕೆ ಕ್ಲಿಂಟನ್ ಸಹಿ ಹಾಕಿದ್ರು. ಎರಡು ಭಾಗ ಇದೆ ಅದರಲ್ಲಿ, ಬೇರೆಯವರು ಬರ್ದಿದ್ದಕ್ಕೆ ವೆಬ್‌ಸೈಟನ್ನ ಪ್ರಕಾಶಕ ಅಂತ ಹಿಡೀಬಾರ್ದು ಅನ್ನೋದು ಒಂದು, ಪ್ರಾಮಾಣಿಕವಾಗಿ ಆಕ್ಷೇಪಾರ್ಹ ಅನ್ಸಿದ್ದನ್ನ ತೆಗೆದ್ರೂ ರಕ್ಷಣೆ ಹೋಗಲ್ಲ ಅನ್ನೋದು ಇನ್ನೊಂದು. ನೀವು 'ಆಯ್ಕೆ ಮಾಡಿ ತೆಗೀತಾರೆ, ಹಾಗಾಗಿ ರಕ್ಷಣೆ ಕಳ್ಕೋಬೇಕು' ಅಂದ್ರಿ. ಆದ್ರೆ ಆಯ್ಕೆ ಮಾಡಿ ತೆಗೆಯೋ ಧೈರ್ಯ ಬರ್ಲಿ ಅಂತಾನೇ ಈ ಕಾನೂನು ತಂದಿದ್ದು. ಪೋಸ್ಟಾಫೀಸ್ ಥರ ಎಲ್ಲಾ ಬಿಟ್ಬಿಡಿ ಅಂದ್ರೆ ಸ್ಪಾಮ್, ಅಶ್ಲೀಲ, ಕೊಲೆಯ ವಿಡಿಯೋ ಎಲ್ಲಾ ಹಾಗೇ ಇರ್ಬೇಕು. ಟ್ರಂಪ್ ಅವರದೇ ಸೈಟ್ ಟ್ರುಥ್ ಸೋಷಿಯಲ್ ಕೂಡ ಹಾಗೆ ನಡೆಯಲ್ಲ, ಅಲ್ಲೂ ನಿಯಮ ಇದೆ, ಅಲ್ಲೂ ಪೋಸ್ಟ್ ತೆಗೀತಾರೆ, ಅವರಿಗೂ ಇದೇ 230 ರಕ್ಷಣೆ.

ಇನ್ನು ಟ್ರಂಪ್ ಅಕೌಂಟ್ ವಿಚಾರ. 2021ರ ಜನವರಿ 8ಕ್ಕೆ ಟ್ವಿಟರ್ ಅವರನ್ನ ತೆಗೀತು, ಅದು ಸರಿನಾ ತಪ್ಪಾ ಅಂತ ಜಗಳ ಆಡ್ಬಹುದು, ಒಬ್ಬ ಚುನಾಯಿತ ನಾಯಕನ ಮಾತು ಕೇಳೋ ಹಕ್ಕು ಜನಕ್ಕೆ ಇದೆ ಅನ್ನೋ ನಿಮ್ಮ ಮಾತಿಗೆ ನಾನು ಬೆಲೆ ಕೊಡ್ತೀನಿ. ಆದ್ರೆ 230 ರದ್ದಾಗಿದ್ರೂ ಅವರನ್ನ ತೆಗೀಬಹುದಿತ್ತು. ಯಾಕಂದ್ರೆ ವಾಕ್ ಸ್ವಾತಂತ್ರ್ಯ ಕಾಯೋ ಅಮೆರಿಕ ಸಂವಿಧಾನದ ಮೊದಲನೇ ತಿದ್ದುಪಡಿ ಕಟ್ಟಿ ಹಾಕೋದು ಸರ್ಕಾರವನ್ನ, ಖಾಸಗಿ ಕಂಪನಿಯನ್ನಲ್ಲ. ಟ್ರಂಪ್ ಹಾಕಿದ ಕೇಸನ್ನ 2022ರ ಮೇ ತಿಂಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಫೆಡರಲ್ ಜಡ್ಜ್ ವಜಾ ಮಾಡಿದ್ದು ಮುಖ್ಯವಾಗಿ ಈ ಕಾರಣಕ್ಕೇ. ನಿಮ್ಮ ಟೆಕ್ಸಸ್ಸೇ 2021ರಲ್ಲಿ, ತಿಂಗಳಿಗೆ 5 ಕೋಟಿಗಿಂತ ಜಾಸ್ತಿ ಅಮೆರಿಕನ್ ಬಳಕೆದಾರರಿರೋ ಸೈಟುಗಳು ಅಭಿಪ್ರಾಯ ನೋಡಿ ಪೋಸ್ಟ್ ತೆಗೀಬಾರ್ದು ಅಂತ ಕಾನೂನು ಮಾಡ್ತು, ಅದು ಸುಪ್ರೀಂ ಕೋರ್ಟಿಗೆ ಹೋದಾಗ 2024ರ ಜುಲೈ 1ಕ್ಕೆ ಕೇಸನ್ನ ಕೆಳಗಿನ ಕೋರ್ಟಿಗೆ ವಾಪಸ್ ಕಳ್ಸಿದ್ರೂ, ಏನು ತೋರಿಸ್ಬೇಕು ಏನು ಬಿಡ್ಬೇಕು ಅಂತ ಆಯ್ಕೆ ಮಾಡೋದು ಕೂಡ ಅಭಿವ್ಯಕ್ತಿನೇ ಅಂತ ಜಸ್ಟಿಸ್ ಎಲೆನಾ ಕೇಗನ್ ಸ್ಪಷ್ಟವಾಗಿ ಬರ್ದ್ರು.

ಸರ್ಕಾರಗಳ ಒತ್ತಡದ ವಿಷ್ಯದಲ್ಲಿ ಮಾತ್ರ ನಿಮ್ಮ ಸಿಟ್ಟು ನ್ಯಾಯವಾದದ್ದು, ಇದನ್ನ ನಾನು ಪೂರ್ತಿ ಒಪ್ತೀನಿ. ಕೋವಿಡ್ ಪೋಸ್ಟ್‌ಗಳನ್ನ ತೆಗೀರಿ ಅಂತ ಬೈಡನ್ ಸರ್ಕಾರದೋರು ಪದೇ ಪದೇ ಒತ್ತಡ ಹಾಕಿದ್ರು ಅಂತ 2024ರ ಆಗಸ್ಟಲ್ಲಿ ಝುಕರ್‌ಬರ್ಗೇ ಕಾಂಗ್ರೆಸ್ಸಿಗೆ ಪತ್ರ ಬರ್ದ್ರು. ಅದಕ್ಕೂ ಎರಡು ತಿಂಗಳು ಮುಂಚೆ ಸುಪ್ರೀಂ ಕೋರ್ಟು ಇದೇ ವಿಷಯದ ಕೇಸನ್ನ, ಅರ್ಜಿದಾರರಿಗೆ ಕೇಸ್ ಹಾಕೋ ಅರ್ಹತೆ ಇಲ್ಲ ಅಂತ 6-3ರಲ್ಲಿ ಬಿಟ್ಟಾಕ್ತು, ಒತ್ತಡ ಸರಿನಾ ತಪ್ಪಾ ಅಂತ ತೀರ್ಮಾನಾನೇ ಆಗ್ಲಿಲ್ಲ, ನನ್ನ ಪ್ರಕಾರ ಅದು ಆಗ್ಬೇಕಿತ್ತು. ಆದ್ರೆ ಅದೇ ಕಣ್ಣಲ್ಲಿ 2025ನ್ನೂ ನೋಡಿ ಸ್ವಾಮಿ. ಫೇಸ್‌ಬುಕ್ಕಿನ ಮಾಲೀಕ ಕಂಪನಿ ಮೆಟಾ ಜನವರಿ 7ಕ್ಕೆ ಅಮೆರಿಕದಲ್ಲಿ ಫ್ಯಾಕ್ಟ್‌ಚೆಕ್ ನಿಲ್ಸ್ತೀವಿ ಅಂತು, ಅದೇ ತಿಂಗಳು ಟ್ರಂಪ್ ಅವರ ಹಳೇ ಅಕೌಂಟ್ ಕೇಸಿಗೆ 2.5 ಕೋಟಿ ಡಾಲರ್ ಕೊಟ್ಟು ರಾಜಿ ಆಯ್ತು, ಎಕ್ಸ್ (ಟ್ವಿಟರಿನ ಈಗಿನ ಹೆಸರು) ಸುಮಾರು 1 ಕೋಟಿ, ಸೆಪ್ಟೆಂಬರಲ್ಲಿ ಯೂಟ್ಯೂಬ್ 2.45 ಕೋಟಿ. ಟ್ವಿಟರ್ ವಿರುದ್ಧದ ಕೇಸ್ ಆಗ್ಲೇ ಒಂದ್ಸಲ ವಜಾ ಆಗಿತ್ತು, ಕಾನೂನಿನ ಬಲ ಕಂಪನಿಗಳ ಕಡೆಗೇ ಇತ್ತು, ಆದ್ರೂ ದುಡ್ಡು ಕೊಟ್ರು. ಅಧಿಕಾರದಲ್ಲಿರೋರಿಗೆ ಹೆದರಿ ಕೊಟ್ರು ಅಂತಾನೇ ನಾನು ನಂಬೋದು. ಬೈಡನ್ ಫೋನ್ ಮಾಡಿಸಿದ್ರೆ ತಪ್ಪು ಅಂದ್ಮೇಲೆ ಇದೂ ತಪ್ಪೇ, ಮತ್ತೆ ಹೀಗೆ ಬಗ್ಗೋ ಕಂಪನಿಗಳಿಗೆ 230 ಕೂಡ ಇಲ್ಲ ಅಂದ್ರೆ ಇನ್ನೆಷ್ಟು ಬಗ್ತಾವೆ ಯೋಚ್ನೆ ಮಾಡಿ.

230 ರದ್ದು ಮಾಡಿ ಅನ್ನೋದು ಒಂದು ಪಕ್ಷದ ಬೇಡಿಕೆ ಅಂತ ನೀವು ತಿಳ್ಕೊಂಡಿದೀರಿ, ಹಾಗಿಲ್ಲ. 2020ರ ಜನವರಿಯಲ್ಲಿ ಬೈಡನ್ ಕೂಡ 230 ತಕ್ಷಣ ರದ್ದಾಗ್ಬೇಕು ಅಂದಿದ್ರು. ಡೆಮಾಕ್ರಟ್ ಸೆನೆಟರ್ ಡಿಕ್ ಡರ್ಬಿನ್, ರಿಪಬ್ಲಿಕನ್ ಸೆನೆಟರ್ ಲಿಂಡ್ಸೆ ಗ್ರಹಾಂ ಇಬ್ರೂ ಜೊತೆಯಾಗಿ ರದ್ದತಿಗೆ ಓಡಾಡಿದಾರೆ. ಒಬ್ರಿಗೆ ಜಾಸ್ತಿ ತೆಗೀತಾರೆ ಅಂತ ಸಿಟ್ಟು, ಇನ್ನೊಬ್ರಿಗೆ ಸಾಕಷ್ಟು ತೆಗೆಯಲ್ಲ ಅಂತ ಸಿಟ್ಟು, ಒಂದೇ ರದ್ದತಿಯಿಂದ ಇಬ್ರಿಗೂ ಬೇಕಾದ್ದು ಸಿಗೋಕೆ ಹೇಗೆ ಸಾಧ್ಯ? 2018ರಲ್ಲಿ ಮಾನವ ಕಳ್ಳಸಾಗಣೆ ತಡೆಯೋಕೆ ಅಂತ 230ಕ್ಕೆ ಒಂದು ತೂತು ಮಾಡಿದ್ರು, ಮಸೂದೆ ಸೆನೆಟಲ್ಲಿ ಪಾಸಾದ ಒಂದೆರಡು ದಿನಕ್ಕೇ ಕ್ರೇಗ್ಸ್‌ಲಿಸ್ಟ್ ಅನ್ನೋ ಜಾಹೀರಾತು ಸೈಟ್ ಅಮೆರಿಕದಲ್ಲಿ ತನ್ನ ಪರಿಚಯ ಜಾಹೀರಾತಿನ ವಿಭಾಗವನ್ನೇ ಪೂರ್ತಿ ಮುಚ್ತು. ರಿಸ್ಕ್ ಬಂದಾಗ ಕಂಪನಿ ಒಳ್ಳೇದು ಕೆಟ್ಟದ್ದು ಬೇರೆ ಮಾಡ್ತಾ ಕೂರಲ್ಲ.

ಹಂಗಂತ ನಾನು ಕಂಪನಿಗಳ ವಕೀಲ ಅಲ್ಲ, ಈಗ ನನ್ನ ನಿಜವಾದ ನಿಲುವು ಹೇಳ್ತೀನಿ. ಇನ್ನೊಬ್ರು ಬರ್ದಿದ್ದಕ್ಕೆ ಕಂಪನಿಗೆ ರಕ್ಷಣೆ ಇರ್ಲಿ. ಆದ್ರೆ ಕಂಪನಿ ತಾನೇ ಮಾಡೋ ಕೆಲ್ಸ ಇದೆಯಲ್ಲ, ದುಡ್ಡು ತಗೊಂಡು ಜಾಹೀರಾತು ತೋರ್ಸೋದು, ಯಾರೂ ಕೇಳದೇ ಇದ್ರೂ ಒಂದು ವಿಡಿಯೋನ ಒಂದು ಮಗುವಿನ ಫೋನಿಗೆ ತಂದು ತಳ್ಳೋದು, ಅದಕ್ಕೆ ಯಾವ ರಕ್ಷಣೆನೂ ಬೇಡ. 2020ರಲ್ಲಿ ಡೊಮಿನಿಯನ್ ಮತಯಂತ್ರದ ಬಗ್ಗೆ ಸುಳ್ಳು ಪ್ರಸಾರ ಮಾಡಿದ್ದಕ್ಕೆ ಫಾಕ್ಸ್ ನ್ಯೂಸ್ 2023ರಲ್ಲಿ 78.75 ಕೋಟಿ ಡಾಲರ್ ಕೊಟ್ಟು ರಾಜಿ ಮಾಡ್ಕೊಳ್ತು, ಯಾಕಂದ್ರೆ ಅವರ ಸ್ವಂತ ಚಾನಲ್, ಅವರ ನಿರೂಪಕರು, ಅವರದೇ ನಿರ್ಧಾರ. ಕಂಪನಿಯ ಸ್ವಂತ ನಿರ್ಧಾರ ಇರೋ ಕಡೆ ಅದೇ ಅಳತೆ ಫೇಸ್‌ಬುಕ್ಕಿಗೂ ಬರ್ಲಿ.

ಜಾಹೀರಾತಿನ ವಿಷ್ಯ ಅಂತೂ ರೋಷ ಬರ್ಸುತ್ತೆ. 2023ರ ಡಿಸೆಂಬರಲ್ಲಿ ನಾರಾಯಣ ಮೂರ್ತಿಯವರೇ ಎದ್ದು ನಿಂತು, ತಮ್ಮ ಹೆಸರಲ್ಲಿ ಆಟೋಮೇಟೆಡ್ ಟ್ರೇಡಿಂಗ್ ಆ್ಯಪ್‌ಗಳ ಡೀಪ್‌ಫೇಕ್ (ಕಂಪ್ಯೂಟರಲ್ಲಿ ಮಾಡಿದ ನಕಲಿ) ವಿಡಿಯೋ ಓಡಾಡ್ತಿದೆ, ನಂಬ್ಬೇಡಿ ಅಂತ ಜನಕ್ಕೆ ಎಚ್ಚರಿಕೆ ಕೊಡ್ಬೇಕಾಯ್ತು. 2025ರ ನವೆಂಬರಲ್ಲಿ ರಾಯ್ಟರ್ಸ್ ಮೆಟಾದ ಒಳಗಿನ ಕಾಗದಪತ್ರ ನೋಡಿ, 2024ರ ಆದಾಯದಲ್ಲಿ ಸುಮಾರು ಶೇ. 10ರಷ್ಟು ವಂಚನೆ ಮತ್ತೆ ನಿಷೇಧಿತ ವಸ್ತುಗಳ ಜಾಹೀರಾತಿಂದ ಬರುತ್ತೆ ಅಂತ ಕಂಪನಿ ತಾನೇ ಅಂದಾಜು ಮಾಡಿತ್ತು ಅಂತ ಬರೀತು, ಮೆಟಾ ಅದು ಒರಟು ಲೆಕ್ಕ, ಜಾಸ್ತಿ ಹಿಡಿದಿದೆ ಅಂತು. ಒರಟೇ ಇರ್ಲಿ, ಅದರ ಅರ್ಧ ಇದ್ರೂ ಇನ್ನೊಬ್ಬರ ಉಳಿತಾಯ ಮುಳುಗಿಸಿ ಬಂದ ದುಡ್ಡು ಅದು. ತನ್ನ ಮುಖ ಬಳಸಿದ ಇಂಥದ್ದೇ ಜಾಹೀರಾತುಗಳ ವಿರುದ್ಧ ಆಸ್ಟ್ರೇಲಿಯಾದ ಗಣಿ ಉದ್ಯಮಿ ಆಂಡ್ರ್ಯೂ ಫಾರೆಸ್ಟ್ ಮೆಟಾ ಮೇಲೆ ಕ್ಯಾಲಿಫೋರ್ನಿಯಾದಲ್ಲಿ ಕೇಸ್ ಹಾಕಿದ್ರು, 2024ರ ಜೂನಲ್ಲಿ ಜಡ್ಜ್, 230 ಹೆಸರು ಹೇಳಿ ಕೇಸನ್ನ ಶುರುವಲ್ಲೇ ಮುಗಿಸೋಕೆ ಬಿಡಲಿಲ್ಲ. ಅದೇ ವರ್ಷ ಆಗಸ್ಟಲ್ಲಿ ಥರ್ಡ್ ಸರ್ಕ್ಯೂಟ್ ಅಪೀಲು ಕೋರ್ಟು ಇನ್ನೂ ಮುಂದೆ ಹೋಯ್ತು. ಉಸಿರುಗಟ್ಟಿಸೋ ಚಾಲೆಂಜಿನ ವಿಡಿಯೋ ನೋಡಿ 10 ವರ್ಷದ ಹುಡುಗಿ ಸತ್ತ ಕೇಸದು, ಟಿಕ್‌ಟಾಕಿನ ಅಲ್ಗಾರಿದಮ್ ಅವಳಿಗೆ ಅದನ್ನ ಆರಿಸಿ ತೋರ್ಸಿದ್ದು ಟಿಕ್‌ಟಾಕಿನದೇ ಮಾತು, ಅದಕ್ಕೆ 230 ಸಿಗಲ್ಲ ಅಂತ ಹೇಳ್ತು. ಎಲ್ಲಾ ಕೋರ್ಟುಗಳೂ ಇದನ್ನ ಒಪ್ಪಿಲ್ಲ, 2023ರಲ್ಲಿ ಗೂಗಲ್ ವಿರುದ್ಧದ ಕೇಸಲ್ಲಿ ಸುಪ್ರೀಂ ಕೋರ್ಟೇ ಈ ಪ್ರಶ್ನೆ ಮುಟ್ಟದೆ ಬಿಟ್ಟಿತ್ತು. ಆದ್ರೆ ದಾರಿ ಇದೇ ಅಂತ ನಂಗೆ ಅನ್ಸುತ್ತೆ.

'ನಮ್ಮ ಇಂಡಿಯಾನೇ ವಾಸಿ, ಸರ್ಕಾರ ಹೇಳಿದ್ರೆ ತೆಗೀತಾರೆ' ಅಂತ ಕೊನೇಲಿ ಬರ್ದಿದೀರಿ. ಇಲ್ಲೂ ಕಂಪನಿಗಳಿಗೆ ಅಂಥದ್ದೇ ರಕ್ಷಣೆ ಕೊಡೋ ಐಟಿ ಕಾಯ್ದೆಯ ಸೆಕ್ಷನ್ 79 ಇದೆ. ಸೈಟಲ್ಲಿ ಯಾರೋ ಮಾರಾಟಕ್ಕಿಟ್ಟ ಅಶ್ಲೀಲ ವಿಡಿಯೋಗೆ 2004ರಲ್ಲಿ ಬಾಝೀ ಡಾಟ್ ಕಾಮ್ ಮುಖ್ಯಸ್ಥರನ್ನೇ ಪೊಲೀಸರು ಅರೆಸ್ಟ್ ಮಾಡಿದ್ರು, ಆ ಗಲಾಟೆ ಆದ್ಮೇಲೇ ಅದಕ್ಕೆ ಗಟ್ಟಿ ತಿದ್ದುಪಡಿ ಬಂದಿದ್ದು. 2015ರ ಶ್ರೇಯಾ ಸಿಂಘಾಲ್ ತೀರ್ಪಲ್ಲಿ ಸುಪ್ರೀಂ ಕೋರ್ಟು, ಕೋರ್ಟ್ ಆದೇಶ ಇಲ್ಲಾ ಸರ್ಕಾರದ ಸೂಚನೆ ಬಂದ್ರೆ ಮಾತ್ರ ಕಂಪನಿ ತೆಗೀಬೇಕು ಅಂತು, ಕಂಡಕಂಡೋರ ದೂರಿಗೆಲ್ಲಾ ಅಲ್ಲ. ಈಗ ಕೇಂದ್ರ ಸರ್ಕಾರದ ಸಹಯೋಗ್ ಅನ್ನೋ ಪೋರ್ಟಲ್ ಮೂಲಕ ಬೇರೆ ಬೇರೆ ಇಲಾಖೆ, ಪೊಲೀಸರೇ ನೇರವಾಗಿ ನೋಟಿಸ್ ಕಳಿಸ್ತಾರೆ. ಎಕ್ಸ್ ಕಂಪನಿ ಇದನ್ನ ಪ್ರಶ್ನೆ ಮಾಡಿದ್ದು ನಮ್ಮ ಕರ್ನಾಟಕ ಹೈಕೋರ್ಟಲ್ಲೇ, 2025ರ ಸೆಪ್ಟೆಂಬರ್ 24ಕ್ಕೆ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಅರ್ಜಿ ವಜಾ ಮಾಡಿ, ಅಮೆರಿಕದ ವಾಕ್ ಸ್ವಾತಂತ್ರ್ಯದ ವಿಚಾರವನ್ನ ಇಲ್ಲಿಗೆ ತಂದು ನೆಡೋಕಾಗಲ್ಲ ಅಂದ್ರು. ತೀರ್ಪಿಗೆ ಗೌರವ ಇಟ್ಕೊಂಡೇ ಹೇಳ್ತೀನಿ, ಜಡ್ಜ್ ಮುಂದೆ ಹೋಗದೇ ಅಧಿಕಾರಿಯೊಬ್ಬರ ನೋಟಿಸಿಗೆ ಬರಹ ಮಾಯ ಆಗೋ ವ್ಯವಸ್ಥೆ ನಂಗೆ ಸರಿ ಕಾಣಲ್ಲ. ಊರಿನ ರಸ್ತೆಗುಂಡಿ ಬಗ್ಗೆ ವಿಡಿಯೋ ಹಾಕೋ ಹುಡುಗರಿಗೆ ಲಾಯರ್ ಇರಲ್ಲ.

ನಿಮ್ಮ ಸೆನೆಟರಿಗೆ 230 ರದ್ದು ಮಾಡಿ ಅಂತ ಬರೀತೀನಿ ಅಂದಿದೀರಿ. ಖಂಡಿತ ಬರೀರಿ, ಟೆಡ್ ಕ್ರೂಜ್ ಈಗ ಸೆನೆಟಿನ ಕಾಮರ್ಸ್ ಕಮಿಟಿ ಅಧ್ಯಕ್ಷರು, ಈ ಕಾನೂನು ಅವರ ಕಮಿಟಿ ವ್ಯಾಪ್ತಿಗೇ ಬರುತ್ತೆ. ಡೆಮಾಕ್ರಟ್ ಏಮಿ ಕ್ಲೋಬುಷಾರ್ ಜೊತೆ ಸೇರಿ ಅವರು ತಂದ ಟೇಕ್ ಇಟ್ ಡೌನ್ ಕಾಯ್ದೆಗೆ 2025ರ ಮೇ 19ಕ್ಕೆ ಸಹಿ ಬಿತ್ತು, ಒಪ್ಪಿಗೆ ಇಲ್ಲದ ಖಾಸಗಿ ಫೋಟೋ, ಡೀಪ್‌ಫೇಕನ್ನ ದೂರು ಬಂದ 48 ಗಂಟೆಯಲ್ಲಿ ತೆಗೀಬೇಕು ಅನ್ನೋ ಕಾಯ್ದೆ ಅದು. ಸುಳ್ಳು ದೂರು ಕೊಡೋರಿಗೆ ಅದರಲ್ಲಿ ಸಾಕಷ್ಟು ತಡೆ ಇಲ್ಲ ಅನ್ನೋ ಆತಂಕ ನಂಗಿದೆ, ಆದ್ರೂ ಒಂದು ನಿರ್ದಿಷ್ಟ ಹಾನಿ ಹಿಡಿದು ಎರಡೂ ಪಕ್ಷ ಸೇರಿ ಕಾನೂನು ಮಾಡ್ಬಹುದು ಅಂತ ಅದು ತೋರ್ಸಿದೆ. ಹಾಗೇನೇ, ದುಡ್ಡು ತಗೊಂಡು ತೋರ್ಸಿದ ವಂಚನೆ ಜಾಹೀರಾತಿಗೆ 230 ಅನ್ವಯಿಸಬಾರ್ದು, ಜಾಹೀರಾತು ಕೊಟ್ಟೋರು ಯಾರು ಅಂತ ಮೊದ್ಲೇ ಪರಿಶೀಲನೆ ಆಗ್ಬೇಕು, ಮಕ್ಕಳ ಅಕೌಂಟಿಗೆ ಅಲ್ಗಾರಿದಮ್ ತಳ್ಳೋದಕ್ಕೆ ಕಂಪನಿ ಹೊಣೆ ಆಗ್ಬೇಕು ಅಂತ ಕ್ರೂಜ್ ಅವರಿಗೆ ಬರೀರಿ. ಅವರ ಆಫೀಸಿಂದ ಉತ್ತರ ಬಂದ್ರೆ ಒಂದು ಪ್ರತಿ ನಮಗೂ ಕಳಿಸಿ, ಪ್ರಕಟಿಸ್ತೀವಿ.

ಇಂತಿ,
ಸಂಪಾದಕ